ದೀಪವಿಲ್ಲದ ದ್ವೀಪಕ್ಕೆ ಹೋಗುವ ಲೆಕ್ಕ

ನಮ್ಮ ಮನೆಯಲ್ಲಿ ಕೆಂಪು ಬಟ್ಟೆ ರಟ್ಟಿನ ಒಂದು ಕಿರ್ದಿ ಪುಸ್ತಕ ಇದೆ. ಅಂಗಡಿಯವರು ಲೆಕ್ಕ ಬರೆಯಲು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಅದರ ಮೊದಲ ಹಾಳೆಯ ಮೇಲೆ ಅಪ್ಪ ತಮ್ಮ ದುಂಡು ಅಕ್ಷರದಲ್ಲಿ 'ಬೂವೆ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ನಾಲ್ಕು ವರ್ಷದಿಂದ ನಾನೂ ಅಪ್ಪನೂ ಕೂಡಿ ಬೂವೆ ದ್ವೀಪಕ್ಕೆ ಹೋಗುವ ಲೆಕ್ಕ ಹಾಕುತ್ತಿದ್ದೇವೆ.

ಶುರುವಾಗಿದ್ದು ನನ್ನ ಕ್ಲಾಸಿನಲ್ಲಿ. ಬಾಗಲಕೋಟೆ ನವನಗರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಎಲ್ಲಾದಕಿಂತ ಒಬ್ಬಂಟಿ ಜಾಗ ಯಾವುದ್ರಿ?" ಅಂತ ಕೇಳಿದಳು. ನಾಳೆ ಹೇಳುತ್ತೇನೆ ಅಂದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಮುಂದೆ ಹೇಳಿದೆ: ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಬೂವೆ ಅಂತ ಒಂದು ದ್ವೀಪ ಇದೆ, ಅಲ್ಲಿ ಒಬ್ಬ ಮನುಷ್ಯನೂ ಇಲ್ಲ, ಅಂಟಾರ್ಕ್ಟಿಕಾದ ದಂಡೆ ಅಲ್ಲಿಂದ ಸುಮಾರು 1,700 ಕಿಲೋಮೀಟರ್, ಜನ ಇರುವ ಹತ್ತಿರದ ದ್ವೀಪ 2,200 ಕಿಲೋಮೀಟರಿಗಿಂತ ದೂರ.

ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ, "ಉತಾರದಾಗ ಯಾರ ಹೆಸರು ಐತಿ?"

ಅಪ್ಪ ತಲಾಟಿ, ಅಂದರೆ ಗ್ರಾಮಲೆಕ್ಕಿಗ ಆಗಿದ್ದವರು. ಮೂವತ್ತು ವರ್ಷ ಉತಾರ, ಅಂದರೆ ಪಹಣಿ ಬರೆದ ಕೈ. ಯಾವ ನೆಲವೇ ಇರಲಿ, ಅದು ಯಾರ ಹೆಸರಲ್ಲಿದೆ ಅನ್ನುವುದು ಅವರಿಗೆ ಮೊದಲು ಗೊತ್ತಾಗಬೇಕು. ಹಾಗಾಗಿ ನಮ್ಮ ಪುಸ್ತಕದ ಎರಡನೇ ಹಾಳೆ ಬೂವೆಯ ಉತಾರ. ಅಪ್ಪನೇ ಕಾಲಂ ಹಾಕಿ ಬರೆದಿದ್ದು. ಕ್ಷೇತ್ರ: 49 ಚದರ ಕಿಲೋಮೀಟರ್. ಅದರಲ್ಲಿ ಹಿಮದ ಕೆಳಗಿರುವುದು: ನೂರಕ್ಕೆ 93 ಪಾಲು. ಮೊದಲು ಕಂಡವನು: ಫ್ರೆಂಚ್ ನಾವಿಕ ಬೂವೆ, 1739ರ ಜನವರಿ 1. ಸಾಗುವಳಿ: ಇಲ್ಲ. ಹಕ್ಕುದಾರ: ನಾರ್ವೆ ದೇಶ, 1927ರ ಡಿಸೆಂಬರಿನಲ್ಲಿ ಅವರ ಹಡಗಿನವರು ಇಳಿದು ಬಾವುಟ ನೆಟ್ಟದ್ದರಿಂದ. ಷರಾ: 1971ರಿಂದ ಸಂರಕ್ಷಿತ ಪ್ರದೇಶ, ಒಳಗೆ ಹೋಗಲು ಆ ಸರ್ಕಾರದ ಪರವಾನಗಿ ಬೇಕು.

ಕಂಡವನಿಗೆ ಇಳಿಯಲು ಆಗಿರಲಿಲ್ಲ ಅನ್ನುವುದು ಅಪ್ಪನಿಗೆ ಬಹಳ ಹಿಡಿಸಿತು. ಮಂಜು ಮುಸುಕಿತ್ತು. ಅದು ದ್ವೀಪವೋ, ದಕ್ಷಿಣದ ಯಾವುದೋ ದೊಡ್ಡ ಖಂಡದ ತುದಿಯೋ ಅಂತಲೂ ಅವನಿಗೆ ತಿಳಿಯಲಿಲ್ಲ. ದ್ವೀಪ ಎಲ್ಲಿದೆ ಅಂತ ಅವನು ಬರೆದುಕೊಂಡ ಅಳತೆ ತಪ್ಪಿತ್ತು. ಮುಂದೆ 1770ರ ದಶಕದಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಹುಡುಕಿಕೊಂಡು ಹೋದರೆ ಸಿಗಲೇ ಇಲ್ಲ. 1808ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. 1825ರಲ್ಲಿ ಹೋದ ಒಬ್ಬ ಕ್ಯಾಪ್ಟನ್ ಅದರ ಹತ್ತಿರ ಇನ್ನೊಂದು ದ್ವೀಪವನ್ನೂ ಕಂಡೆ ಅಂದ. ಅದಕ್ಕೆ ಥಾಂಪ್ಸನ್ ದ್ವೀಪ ಅಂತ ಹೆಸರೂ ಬಿತ್ತು. ಎಷ್ಟೋ ವರ್ಷ ನಕಾಶೆಗಳಲ್ಲಿ ಉಳಿದ ಆ ದ್ವೀಪ ಇರಲೇ ಇಲ್ಲ. ಕೊನೆಗೆ 1898ರಲ್ಲಿ ಜರ್ಮನ್ ಹಡಗಿನವರು ಬೂವೆ ಎಲ್ಲಿದೆ ಅಂತ ಸರಿಯಾಗಿ ಅಳೆದರು. "ಮೋಜಣಿ ಆಗೂಮಟ ಯಾವ ನೆಲಾನೂ ಖರೇ ಅಲ್ಲ" ಅಂದರು ಅಪ್ಪ. ಸರ್ವೇ ಕಲ್ಲು ಹುಡುಕಿ ಬಿಸಿಲಲ್ಲಿ ಹೊಲ ಹೊಲ ತಿರುಗಿದವರ ಮಾತು ಅದು.

ಮೂರನೇ ಹಾಳೆಯ ತಲೆಬರಹ 'ಇಳಿಯೋದು'. ಇಡೀ ಪುಸ್ತಕದಲ್ಲಿ ಇದರ ಮೇಲೆಯೇ ಜಾಸ್ತಿ ಹಾಳೆ ಖರ್ಚಾಗಿವೆ.

ದೂರದ ಲೆಕ್ಕ ಸುಲಭ. ಕೇಪ್‌ಟೌನಿನಿಂದ ಬೂವೆಗೆ ಸುಮಾರು 2,500 ಕಿಲೋಮೀಟರ್. ನಮ್ಮೂರಿಂದ ರಸ್ತೆ ಹಿಡಿದು ಶ್ರೀನಗರಕ್ಕೆ ಹೋದಷ್ಟು. ಹಡಗು 10 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್ ಹೋದರೆ ಆರು ದಿನ. ಅಲ್ಲಿಗೆ ನಿಯಮಿತವಾಗಿ ಹೋಗುವ ಪ್ರಯಾಣಿಕರ ಹಡಗು ಇಲ್ಲ. ಬಾಡಿಗೆಗೆ ಹಿಡಿಯಬೇಕು. ಅಲ್ಲಿ ಬೇಸಿಗೆ ಅಂದರೆ ಜನವರಿ, ಫೆಬ್ರವರಿ. ಇಷ್ಟೆಲ್ಲ ಒಂದು ಸಂಜೆಯಲ್ಲಿ ಬರೆದು ಮುಗಿಸಿದೆವು.

ಮುಂದಿನದ್ದು ಕಷ್ಟ. ಬೂವೆಗೆ ಬಂದರು ಇಲ್ಲ, ಜೆಟ್ಟಿ ಇಲ್ಲ. ಸುತ್ತ ಕಡಿದು ನಿಂತ ಬಂಡೆ, ಅದರ ಮೇಲಿಂದ ಸಮುದ್ರಕ್ಕೆ ಇಳಿದಿರುವ ಹಿಮದ ಗೋಡೆ. ಆ ಅಕ್ಷಾಂಶದಲ್ಲಿ ಗಾಳಿಗೆ ಅಡ್ಡ ಬರುವ ನೆಲ ಬಹಳ ಕಡಿಮೆ, ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲೆ ಬೀಸಿಕೊಂಡು ಬಂದು ಅಲೆಯನ್ನು ಈ ಬಂಡೆಗೆ ಹೊಡೆಯುತ್ತದೆ. ಕಾಲೂರಲು ಸ್ವಲ್ಪ ಚಪ್ಪಟೆ ಅಂತ ಇರುವ ಜಾಗಗಳಲ್ಲಿ ಒಂದು ನ್ಯೂರೈಸಾ, ಅದೂ 1950ರ ದಶಕದಲ್ಲಿ ಗುಡ್ಡ ಕುಸಿದು ಆದದ್ದು. 1996ರಲ್ಲಿ ನಾರ್ವೆಯವರು ಅಲ್ಲೇ ಕಂಟೇನರ್ ಇಟ್ಟು ಸಂಶೋಧನೆಗೆ ಒಂದು ಸಣ್ಣ ಠಾಣೆ ಮಾಡಿದರು. 2006ರಲ್ಲಿ ಭೂಕಂಪಕ್ಕೆ ಅದರ ಬುಡ ಸಡಿಲಾಯಿತು, ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಮತ್ತೊಂದನ್ನು ಕಟ್ಟಲು 2014 ಬರಬೇಕಾಯಿತು.

ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವವರು, ಈ ದ್ವೀಪದ ಮೇಲೆ ಜೀವ ಇಟ್ಟುಕೊಂಡಿದ್ದಾರೆ. ಅಲ್ಲಿಂದ ಒಂದು ಕರೆ ಸಿಕ್ಕರೆ ಜಗತ್ತಿನ ಎಲ್ಲ ಹ್ಯಾಮ್‌ಗಳಿಗೂ ಹಬ್ಬ. 2018ರಲ್ಲಿ ಒಂದು ದೊಡ್ಡ ತಂಡ ಹಡಗು, ಹೆಲಿಕಾಪ್ಟರ್ ಎಲ್ಲ ಕಟ್ಟಿಕೊಂಡು ದ್ವೀಪದ ಹತ್ತಿರದವರೆಗೂ ಹೋಯಿತು. ಹವಾಮಾನ ಬಿಡಲಿಲ್ಲ. ಕಾಯುತ್ತಿರುವಾಗ ಹಡಗಿನ ಇಂಜಿನ್ ಕೈಕೊಟ್ಟಿತು. ಒಬ್ಬರೂ ಕಾಲಿಡದೆ ವಾಪಸ್ ಬಂದರು. 2023ರ ಫೆಬ್ರವರಿಯಲ್ಲಿ ಇನ್ನೊಂದು ತಂಡ ಇಳಿದೇ ಇಳಿಯಿತು. ಆದರೆ ಹೇಗೆ? ರಬ್ಬರ್ ದೋಣಿಯಲ್ಲಿ ದಡದ ಹತ್ತಿರ ಹೋಗಿ, ಕೊನೆಗೆ ಆ ತಣ್ಣೀರಿಗೇ ಇಳಿದು, ಹಗ್ಗ ಹಿಡಿದು ದಡ ಸೇರಿದರು. ತಂದ ಸಾಮಾನಿನಲ್ಲಿ ಸ್ವಲ್ಪವಷ್ಟೇ ಮೇಲೆ ಬಂತು.

ಆ ದಿನಗಳಲ್ಲಿ ಸುದ್ದಿ ನೋಡಿ ಹೇಳಲು ಅಪ್ಪ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದರು. ಪುಸ್ತಕದಲ್ಲಿ ಆ ವಾರದ ಹಾಳೆಯಲ್ಲಿ ಒಂದೇ ಸಾಲು ಇದೆ: 'ಸಾಮಾನು ಅರ್ಧ ಮಾಡಬೇಕು. ಆಮೇಲೆ ಅದರಲ್ಲೂ ಅರ್ಧ.'

ನನಗೆ ಬಹಳ ಇಷ್ಟದ ಹಾಳೆ ಅಂದರೆ ಊಟದ್ದು. ಅಲ್ಲಿ ಅವ್ವನೂ ಬರುತ್ತಾಳೆ. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಹಾಗಾಗಿ ಒಬ್ಬರಿಗೆ ದಿನಕ್ಕೆ ನಾಲ್ಕರಂತೆ ಕಟ್ಟು. ಹುರಿದ ಅವಲಕ್ಕಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಅಮೀನಗಡದ ಕರದಂಟು, ಚಳಿಗೆ ಅದಕ್ಕಿಂತ ಒಳ್ಳೆಯದು ಏನಿದೆ. ಅವ್ವ ಹೇಳುತ್ತಾ ಹೋದಳು, ಅಪ್ಪ ಬರೆಯುತ್ತಾ ಹೋದರು. ಆಮೇಲೆ ನಾನು ಅಂಟಾರ್ಕ್ಟಿಕಾ ಕಡೆ ಹೋಗುವವರ ನಿಯಮ ಓದಿ ಹೇಳಿದೆ: ಬೂಟು ತಿಕ್ಕಿ ತೊಳೆಯಬೇಕು, ಜೇಬು ಮಗುಚಿ ನೋಡಬೇಕು, ಬಟ್ಟೆಯ ಅಂಟುಪಟ್ಟಿಯಲ್ಲಿ (ವೆಲ್ಕ್ರೊ) ಸಿಕ್ಕ ಬೀಜವನ್ನು ಚಿಮಟಿಗೆಯಿಂದ ಕೀಳಬೇಕು. 2007-08ರ ಬೇಸಿಗೆಯಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದವರ ಬಟ್ಟೆ, ಚೀಲಗಳನ್ನು ವಿಜ್ಞಾನಿಗಳು ಜಾಲಾಡಿದರು. ಬೀಜ ಸಿಕ್ಕವರ ಹತ್ತಿರ ಸರಾಸರಿ ಒಬ್ಬರಿಗೆ ಒಂಬತ್ತಕ್ಕಿಂತ ಹೆಚ್ಚು ಬೀಜ ಇದ್ದವು. ಯಾರೂ ಬೇಕಂತ ಒಯ್ದಿರಲಿಲ್ಲ.

"ಹಂಗಾರ ಗುರೆಳ್ಳು?" ಅಂದಳು ಅವ್ವ.

ಹುರಿದು ಕುಟ್ಟಿದ ಗುರೆಳ್ಳು ಮೊಳಕೆ ಒಡೆಯುವುದಿಲ್ಲ. ಆದರೂ ನೂರರಲ್ಲಿ ಒಂದು ಹುರಿಯದೆ ಉಳಿದಿದ್ದರೆ? ಅಪ್ಪ ಗುರೆಳ್ಳಿನ ಮೇಲೆ ಗೆರೆ ಎಳೆದರು. ಅವ್ವನಿಗೆ ಬೇಸರ ಆಯಿತು, ಆದರೆ ಎದುರು ಮಾತಾಡಲಿಲ್ಲ.

ಆ ಗೆರೆ ಎಳೆಯಲು ಕಾರಣ ಮೇರಿಯನ್ ದ್ವೀಪದ ಕತೆ. ಅದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿದೆ, ದಕ್ಷಿಣ ಆಫ್ರಿಕಾದ್ದು. ಸೀಲ್ ಬೇಟೆಗೆ ಬಂದ ಹಡಗುಗಳ ಜೊತೆ ಅಲ್ಲಿಗೆ ಇಲಿ ಬಂದವು. 1940ರ ದಶಕದ ಕೊನೆಗೆ ಹವಾಮಾನ ಠಾಣೆಯವರು ಇಲಿ ಕಾಟಕ್ಕೆ ಐದು ಬೆಕ್ಕು ತಂದರು. ಬರೀ ಐದು. 1970ರ ದಶಕದ ಹೊತ್ತಿಗೆ ಅವು ಸಾವಿರಗಟ್ಟಲೆ ಆಗಿ, ನೆಲದಲ್ಲಿ ಗೂಡು ಮಾಡುವ ಕಡಲಹಕ್ಕಿಗಳನ್ನು ವರ್ಷಕ್ಕೆ ಲಕ್ಷಗಟ್ಟಲೆ ತಿನ್ನುತ್ತಿದ್ದವು. ಕೊನೆಯ ಬೆಕ್ಕನ್ನು ತೆಗೆಯುವಷ್ಟರಲ್ಲಿ 1991 ಬಂತು. ಇಲಿ ಇನ್ನೂ ಉಳಿದಿವೆ. ಅವು ಈಗ ಆಲ್ಬಟ್ರಾಸ್ ಮರಿಗಳನ್ನು ಗೂಡಿನಲ್ಲೇ ಜೀವಂತ ಕಚ್ಚಿ ತಿನ್ನುತ್ತವೆ. ಲಕ್ಷಾಂತರ ವರ್ಷ ಅಂಥ ಪ್ರಾಣಿಯನ್ನೇ ಕಾಣದ ಹಕ್ಕಿ, ಏಳಬೇಕು ಅನ್ನುವುದೂ ಅದಕ್ಕೆ ಗೊತ್ತಿಲ್ಲ. ಸುಮ್ನೆ ಕೂತಿರುತ್ತದೆ.

ಇದನ್ನು ಓದಿದ ಮೇಲೆ ನನ್ನ ಮನಸ್ಸು ಬದಲಾಯಿತು. ಮೊದಲೆಲ್ಲ ಬೂವೆಗೆ ಏನೇನು ಒಯ್ಯಬೇಕು ಅಂತಲೇ ಯೋಚಿಸುತ್ತಿದ್ದೆ. ಈಗ ಏನು ಒಯ್ಯಬಾರದು, ಏನು ಬಿಟ್ಟು ಬರಬಾರದು ಅನ್ನುವ ಪಟ್ಟಿಯೇ ಉದ್ದ ಆಗುತ್ತಿದೆ. ನಮ್ಮ ಎರಿ ಮಣ್ಣು ಎಂಥದ್ದು ಗೊತ್ತಲ್ಲ. ಮಳೆಗಾಲದಲ್ಲಿ ಚಪ್ಪಲಿಗೆ ಹತ್ತಿದರೆ ಕಾಲು ಎರಡು ಕಿಲೋ ಭಾರ ಆಗುತ್ತದೆ. ಆ ಮಣ್ಣಿನೊಳಗೆ ಎಷ್ಟು ಜೀವ ಇರಬೇಡ!

ನೆಂಟರು ಕೇಳುತ್ತಾರೆ, ನಿರ್ಜನ ದ್ವೀಪ ಬೇಕಾದರೆ ಮುರ್ಡೇಶ್ವರದ ಹತ್ತಿರ ನೇತ್ರಾಣಿ ಇಲ್ವಾ, ಅಂಡಮಾನಿನಲ್ಲಿ ಬ್ಯಾರನ್ ದ್ವೀಪ ಇಲ್ವಾ ಅಂತ. ಇವೆ. ನೇತ್ರಾಣಿಯ ಸುತ್ತ ನೀರಿನಲ್ಲಿ ಮುಳುಗಿ ಹವಳ ನೋಡಿ ಬಂದವರು ನಮ್ಮ ಶಾಲೆಯಲ್ಲೇ ಇದ್ದಾರೆ. ಬ್ಯಾರನ್‌ನಲ್ಲಿ ನಮ್ಮ ದೇಶದ ಒಂದೇ ಒಂದು ಜೀವಂತ ಜ್ವಾಲಾಮುಖಿ ಇದೆ. ಆದರೆ ಅಪ್ಪನಿಗೆ ಬೂವೆಯೇ ಆಗಬೇಕು. ಯಾಕೆ ಅಂತ ನನಗೆ ಬಹಳ ದಿನ ತಿಳಿದಿರಲಿಲ್ಲ.

ಒಂದು ಮಾತಿನಿಂದ ಸುಳಿವು ಸಿಕ್ಕಿತು. ನಾನು ಪುಸ್ತಕದಲ್ಲಿ ಬೂವೆಯ ಮುಂದೆ 'ಬೇಚರಾಕ್' ಅಂತ ಬರೆದಿದ್ದೆ. ಕಂದಾಯ ಇಲಾಖೆಯ ಶಬ್ದ ಅದು. ಪಹಣಿಯಲ್ಲಿ ಊರಿನ ಹೆಸರು ಇರುತ್ತದೆ, ಸರ್ವೇ ನಂಬರ್ ಇರುತ್ತದೆ, ಆದರೆ ಅಲ್ಲಿ ಮನೆ ಇರುವುದಿಲ್ಲ, ಜನ ಇರುವುದಿಲ್ಲ. ಅಂಥ ಊರು ಬೇಚರಾಕ್ ಗ್ರಾಮ. ಅಪ್ಪನ ಬಾಯಲ್ಲಿ ಚಿಕ್ಕಂದಿನಿಂದ ಕೇಳಿದ್ದೆ, ಸರಿ ಇದೆ ಅಂತ ಬರೆದೆ. ಅಪ್ಪ ನೋಡಿದವರೇ ಅದನ್ನು ಹೊಡೆದು ಹಾಕಿದರು.

"ಬೇ ಅಂದರ ಇಲ್ಲ. ಚಿರಾಗ್ ಅಂದರ ದೀಪ. ಮೊದಲ ದೀಪ ಇದ್ದು, ಆಮ್ಯಾಲ ಹಚ್ಚಾವರು ಇಲ್ಲದಂಗಾದ ಊರು ಬೇಚರಾಕ್. ಬೂವೆದಾಗ ಯಾರೂ ದೀಪಾನ ಹಚ್ಚಿಲ್ಲ. ಅಲ್ಲಿಂದ ಯಾರನ್ನೂ ಎಬ್ಬಿಸಿಲ್ಲ. ಎರಡೂ ಒಂದ ಅಲ್ಲ ಬೇ."

ನಮ್ಮ ಊರು ಘಟಪ್ರಭೆಯ ದಂಡೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ನಾನು ಆಗ ಆರನೇ ಕ್ಲಾಸು. ಟ್ರ್ಯಾಕ್ಟರಿನಲ್ಲಿ ಬಾಗಿಲ ಚೌಕಟ್ಟು, ತೊಲೆ, ಬೀಸುವ ಕಲ್ಲು ಹೇರಿದ್ದು ನೆನಪಿದೆ. ಒಳಕಲ್ಲು ಮಾತ್ರ ನೆಲದಲ್ಲಿ ಹುಗಿದದ್ದು, ಕಿತ್ತರೆ ಒಡೆಯುತ್ತದೆ ಅಂತ ಅಲ್ಲೇ ಬಿಟ್ಟು ಬಂದೆವು. ಅವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ್ದಳು.

ಪುಸ್ತಕದ ಕೊನೆಯ ಭಾಗ 'ವಾಪಸ್'. ನಾನು ಅದನ್ನು ಎರಡು ಸಾಲಿನಲ್ಲಿ ಮುಗಿಸಿದ್ದೆ. ಅಪ್ಪ ಒಪ್ಪಲಿಲ್ಲ. 1964ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗಿನಿಂದ ಬೂವೆಯಲ್ಲಿ ಇಳಿದವರಿಗೆ ನ್ಯೂರೈಸಾದ ಸಣ್ಣ ಕೊಳದಲ್ಲಿ ಒಂದು ದೋಣಿ ಸಿಕ್ಕಿತು. ಅರ್ಧ ನೀರು ತುಂಬಿತ್ತು. ಹೆಸರಿಲ್ಲ, ಗುರುತಿಲ್ಲ. ಹತ್ತಿರ ಹುಟ್ಟು ಇದ್ದವು, ಮನುಷ್ಯರು ಮಾತ್ರ ಇರಲಿಲ್ಲ. "ಅವರು ಹೋಗೂದು ಬರದಿದ್ರು, ಬರೂದು ಬರದಿದ್ದಿಲ್ಲ" ಅಂದರು ಅಪ್ಪ. 1964 ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದೇ ವರ್ಷ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ್ದು. ಅಪ್ಪನಿಗೆ ಆಗ ಹನ್ನೆರಡು ವರ್ಷ.

ವಾಪಸ್ ಬರುವುದನ್ನು ಕಲಿಯಲು ಒಂದು ತಾಲೀಮು ಬೇಕು ಅಂದರು. ಹೋದ ಸೆಪ್ಟೆಂಬರಿನಲ್ಲಿ, ಹಿನ್ನೀರು ತುಂಬಿ ನಿಂತಾಗ, ನಾವಿಬ್ಬರೂ ಒಂದು ನಡುಗಡ್ಡೆಗೆ ಹೋದೆವು. ಅಪ್ಪನ ಸಜ್ಜಾಕ್ಕೆ ಸೇರಿದ್ದ ಒಂದು ಊರು, ಅಂದರೆ ಅವರು ಲೆಕ್ಕ ನೋಡಿಕೊಳ್ಳುತ್ತಿದ್ದ ಊರುಗಳಲ್ಲಿ ಒಂದು. ಊರೆಲ್ಲ ಮುಳುಗಿ ಮೇಲಿನ ಓಣಿಯ ದಿಬ್ಬ ಮಾತ್ರ ಉಳಿದಿದೆ. ಮೀನು ಹಿಡಿಯುವ ಕಾಕಾ ಒಬ್ಬರು ತೆಪ್ಪದಲ್ಲಿ ಬಿಟ್ಟರು. ಅವರ ಊರೇ ಅದು. ಸಂಜೆ ಐದಕ್ಕೆ ಬರುತ್ತೇನೆ ಅಂದರು. ನಮ್ಮ ಹತ್ತಿರ ನಾಲ್ಕು ಲೀಟರ್ ನೀರು, ಹತ್ತು ರೊಟ್ಟಿ, ಟಾರ್ಚ್, ಒಂದು ಕೌದಿ.

ದಿಬ್ಬದ ತುಂಬ ಬಳ್ಳಾರಿ ಜಾಲಿ. ಅದರ ನಡುವೆ ಗೋಡೆಯ ಬುಡ, ಕಾಳು ತುಂಬಿಡುವ ಒಂದು ಹಗೇವಿನ ಬಾಯಿ, ಮಣ್ಣು ತುಂಬಿತ್ತು. ಒಂದು ಒಳಕಲ್ಲು, ನೆಲಕ್ಕೆ ಸಮ. ಗುಂಡಿಯ ಒಳಗೆ ಕನ್ನಡಿಯ ಹಾಗೆ ನುಣುಪು, ಮಳೆನೀರು ನಿಂತು ಅದರಲ್ಲಿ ಜಾಲಿ ಎಲೆ ತೇಲುತ್ತಿದ್ದವು. ಅಂಚಿನ ಒಂದು ಕಡೆ ಮಾತ್ರ ಸವೆದು ತಗ್ಗಾಗಿತ್ತು. ಯಾವುದೋ ತಾಯಿ ದಿನಾ ಅದೇ ಕಡೆ ಕೂತು ಅರೆದಿರಬೇಕು. ಅಪ್ಪ ಕೈಯಿಂದ ನೀರು ಮೊಗೆದು ಹಾಕಿ, ಪಂಜಿಯಿಂದ ಒರೆಸಿದರು.

ನಾಲ್ಕರ ಹೊತ್ತಿಗೆ ಗಾಳಿ ಎದ್ದಿತು. ಐದಾಯಿತು, ಆರಾಯಿತು. ಕಾಕಾ ಫೋನ್ ಮಾಡಿದರು: "ಗಾಳಿ ಬಿಡವಲ್ದು ಸಾಹೇಬ್ರ, ತೆಪ್ಪ ಹಾಕಾಕ ಬರಂಗಿಲ್ಲ. ಮುಂಜಾನೆ ಬರ್ತೀನಿ. ಹೆದರಬ್ಯಾಡ್ರಿ." ಅವರು ಮಾಡಿದ್ದೇ ಸರಿ. ಕತ್ತಲಾಗುವ ಹೊತ್ತಿಗೆ ಅಲೆ ದಿಬ್ಬದ ಬುಡಕ್ಕೆ ಬಡಿಯುವ ಸದ್ದು ಎಲ್ಲ ಕಡೆಯಿಂದ ಕೇಳುತ್ತಿತ್ತು. ಅವ್ವನಿಗೆ ಫೋನ್ ಮಾಡಿ ಹೇಳಿದೆವು. ಅಪ್ಪ ಉಳಿದ ನೀರನ್ನು ನೋಡಿ ಬಾಟಲಿ ಮೇಲೆ ಪೆನ್ನಿನಿಂದ ಮೂರು ಗೆರೆ ಹಾಕಿದರು, ಈಗ ಇಷ್ಟು, ರಾತ್ರಿ ಇಷ್ಟು, ಬೆಳಗ್ಗೆ ಇಷ್ಟು.

ಟಾರ್ಚ್ ಎಲ್ಲಿಟ್ಟರೂ ಗಾಳಿಗೆ ಉರುಳುತ್ತಿತ್ತು. ಅಪ್ಪ ಅದನ್ನು ಒಳಕಲ್ಲಿನ ಗುಂಡಿಯಲ್ಲಿ ನೆಟ್ಟಗೆ ನಿಲ್ಲಿಸಿದರು. ಬೆಳಕು ಮೇಲಕ್ಕೆ ಹೋಗಿ ಜಾಲಿ ಟೊಂಗೆಗಳೆಲ್ಲ ಬೆಳಗಿದವು. ಕೌದಿ ಹೊದ್ದು ಅದರ ಹತ್ತಿರ ಕೂತೆವು. ಬಹಳ ಹೊತ್ತಾದ ಮೇಲೆ ಅಪ್ಪ ಹೇಳಿದರು, "ಈ ಊರಿನ ಮುಂದ ಬೇಚರಾಕ್ ಅಂತ ಬರದಾಂವ ನಾನ. ತಹಶೀಲ್ದಾರ್ ಕಚೇರಿಯೊಳಗ ಕುಂತು ಬರದೆ. ಬಂದು ನೋಡಿದ್ದಿಲ್ಲ."

ನಾನು ಏನೂ ಕೇಳಲಿಲ್ಲ.

ಬೆಳಗ್ಗೆ ನೀರು ಕನ್ನಡಿಯಂತೆ ನಿಂತಿತ್ತು. ಕಾಕಾ ಏಳಕ್ಕೇ ಬಂದರು, ಕೈಯಲ್ಲಿ ಚಹಾದ ಥರ್ಮಾಸ್. ಅಪ್ಪನನ್ನು ಕೈ ಹಿಡಿದು ತೆಪ್ಪಕ್ಕೆ ಹತ್ತಿಸುತ್ತಾ, "ರಾತ್ರಿ ನಿಮ್ಮ ದೀಪ ಕಾಣಿಸ್ತಿತ್ರಿ. ನಮ್ಮ ಮನಿಯಾಕೀನೂ ಕರದು ತೋರಿಸಿದೆ. ಭಾಳ ಹೊತ್ತು ನಿಂತು ನೋಡಿದ್ವಿ" ಅಂದರು.

ಅಪ್ಪ ತಲೆ ಆಡಿಸಿದರು. ತೆಪ್ಪ ದಡ ಬಿಟ್ಟಿತು. ಅವರ ಧೋತರದ ಅಂಚಿಗೆಲ್ಲ ಉತ್ತರಾಣಿ ಬೀಜ ಹತ್ತಿತ್ತು. ಬಗ್ಗಿ ಕೂತು ಒಂದೊಂದೇ ಕಿತ್ತರು. ನೀರಿಗೆ ಎಸೆಯಲಿಲ್ಲ, ಅಂಗಿ ಜೇಬಿಗೆ ಹಾಕಿಕೊಂಡರು. ದಾರಿಯುದ್ದಕ್ಕೂ ಬಾಯೊಳಗೇ ಎಣಿಸುತ್ತಿದ್ದರು, ನಲವತ್ತೊಂದು, ನಲವತ್ತೆರಡು.